ಮಂಗಳವಾರದ ಜಗುಲಿ

ನಾವು ಆ ಊರಿಗೆ ಹೋಗಿ ಇಳಿದದ್ದು ಒಂದು ಭಾನುವಾರ ಮಧ್ಯಾಹ್ನ. ನಮ್ಮನೆಯವರು ಗುರುಸಿದ್ದಪ್ಪ ಜಮೀನು ಅಳೆಯುವ ಕೆಲಸದವರು. ನಕ್ಷೆಯಲ್ಲಿ ಸೇರದ ಊರೊಂದು ಉಳಿದುಹೋಗಿದೆ, ಹೋಗಿ ಅಳೆದುಕೊಂಡು ಬನ್ನಿ ಎಂದು ಮೇಲಿನವರು ಕಳಿಸಿದ್ದರು. ಎರಡು ವರ್ಷದ ಕೆಲಸ ಎಂದಿದ್ದರು. ಈಗ ಏಳನೆಯ ವರ್ಷ ನಡೆಯುತ್ತಿದೆ, ಊರು ಇನ್ನೂ ನಕ್ಷೆಗೆ ಸೇರಿಲ್ಲ, ಆ ಮಾತು ಬೇರೆ. ನಮಗೆ ಬಾಡಿಗೆ ಮನೆ ತೋರಿಸಿದವರು ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬಚ್ಚಲು ಎಲ್ಲಿದೆ ಎಂದು ಹೇಳಲಿಲ್ಲ. ಜಗುಲಿ ಹನ್ನೆರಡು ಮೊಳ ಇದೆ, ನಿಮಗೆ ಸಾಕಾಗುತ್ತದಾ ನೋಡಿ ಎಂದರು. ಇರುವವರು ಇಬ್ಬರೇ, ಧಾರಾಳ ಆಯಿತು ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಕನಿಕರದಿಂದ ನೋಡಿದರು.

ಮಂಗಳವಾರ ಬೆಳಿಗ್ಗೆ ರಂಗೋಲಿ ಹಾಕೋಣವೆಂದು ಬಾಗಿಲು ತೆಗೆದರೆ ಜಗುಲಿಯ ಮೇಲೆ ಕಾಲಿಡಲು ಜಾಗವಿಲ್ಲ. ಮೊದಲು ಕಂಡದ್ದು ಒಂದೇ ತೋಳಿನ ಸ್ವೆಟರು. ಮಗಳು ನಿರ್ಮಲೆಗೆ ಆರು ತುಂಬಿದಾಗ ಶುರು ಮಾಡಿದ್ದು, ನಾವು ಆ ಊರಿಗೆ ಬಂದಾಗ ಅವಳಿಗೆ ಇಪ್ಪತ್ತೈದು. ಅದರ ಪಕ್ಕ ಮಣಿ ಪೋಣಿಸಿದ ಬಾಗಿಲ ತೋರಣ. ‘ಸುಸ್ವಾಗತ’ ಎಂದು ಬರೆಯಲು ಹೊರಟು ‘ಸುಸ್ವಾ’ ಎನ್ನುವಲ್ಲಿಗೆ ನಿಲ್ಲಿಸಿದ್ದೆ. ನಾಲ್ಕು ಮೂಲೆಯಲ್ಲಿ ಮೂರು ಮೂಲೆ ಮುಗಿದ ಕ್ರೋಷಾ ಮೇಜುಬಟ್ಟೆ. ಒಂದು ರೆಕ್ಕೆಯ ಕಸೂತಿ ನವಿಲು. ಇವರದ್ದೂ ಕಡಿಮೆ ಇರಲಿಲ್ಲ. ಹಿಂಬದಿ ಇಲ್ಲದ ಫೋಟೋ ಚೌಕಟ್ಟುಗಳು, ಎರಡು ಪುಟ ಮಾತ್ರ ಅಂಟಿಸಿ ಬಿಟ್ಟ ಆಲ್ಬಮ್ಮು, ಕ್ಯಾಮೆರಾ ಮಾಡುತ್ತೇನೆಂದು ತೂತು ಹೊಡೆದು ಮರೆತ ಬಿಸ್ಕತ್ತಿನ ಡಬ್ಬಿ, ತೊಳೆಯದೆ ಉಳಿದ ಮೂರು ಫಿಲ್ಮ್ ರೋಲು. ಎಲ್ಲವೂ ಒಪ್ಪವಾಗಿ ಸಾಲಾಗಿ ಕೂತಿದ್ದವು, ನೆಂಟರು ಬಂದು ಬಾಗಿಲು ತೆಗೆಯುವುದನ್ನು ಕಾಯುವಂತೆ.

ಕಳ್ಳರು ಬಂದಿದ್ದಾರೆಂದು ನಾನು ಇವರನ್ನು ಎಬ್ಬಿಸಿದೆ. ಇವರು ಬಂದು ನೋಡಿ, ಕಳ್ಳರಾದರೆ ಇವನ್ನು ಯಾಕೆ ಮುಟ್ಟುತ್ತಾರೆ ಎಂದರು. ಟ್ರಂಕಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಬೀಗ ತೆಗೆದರೆ ಒಳಗೆ ಈ ಸಾಮಾನುಗಳಿದ್ದ ಜಾಗ ಮಾತ್ರ ಖಾಲಿ.

ಅಷ್ಟರಲ್ಲಿ ಪಕ್ಕದ ಮನೆಯ ಹಾಲಮ್ಮ ಬಂದರು. ಎಪ್ಪತ್ತರ ಹೆಂಗಸು, ಎರಡು ಮೇಕೆ ಸಾಕಿಕೊಂಡು ಒಬ್ಬರೇ ಇರುವವರು. ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮ ಸಾಮಾನನ್ನು ಒಂದು ತುದಿಯಿಂದ ಎಣಿಸಿದರು. ಇಪ್ಪತ್ತಮೂರು ಎಂದರು. ಹೊಸಬರಿಗೆ ಇದು ಜಾಸ್ತಿಯೇನಲ್ಲ, ಹಿಂದೆ ಇದೇ ಮನೆಗೆ ಬಂದವರದ್ದು ಬೀದಿಯ ಅರ್ಧಕ್ಕೆ ಬಂದಿತ್ತು, ಪಾಪ ಅವರು ಡ್ರಾಯಿಂಗ್ ಮೇಷ್ಟ್ರು ಎಂದು ಸಮಾಧಾನ ಹೇಳಿದರು. ದೀಪ ಹಚ್ಚುವ ಹೊತ್ತಿಗೆ ಒಳಗೆ ತಗೊಳ್ಳಿ, ಅದಕ್ಕೆ ಮುಂಚೆ ತಗೊಂಡರೆ ಮತ್ತೆ ಬರುತ್ತವೆ, ಸುಮ್ಮನೆ ಸೊಂಟ ನೋವು ಎಂದು ಹೇಳಿ ಮೇಕೆಗೆ ಸೊಪ್ಪು ಹಾಕಲು ಹೋದರು. ಇದು ಯಾಕೆ ಹೀಗೆ ಎಂದು ನಾನು ಕೂಗಿ ಕೇಳಿದೆ. ಇವತ್ತು ಮಂಗಳವಾರ ಅಲ್ಲವೇನವ್ವ ಎಂದರು.

ಅದಕ್ಕಿಂತ ಹೆಚ್ಚಿನ ವಿವರಣೆ ಆ ಊರಿನಲ್ಲಿ ನಮಗೆ ಇವತ್ತಿಗೂ ಸಿಕ್ಕಿಲ್ಲ. ಕೈಕೆಲಸ ಅಂತ ಖುಷಿಗೆ ಶುರುಮಾಡಿ ಅರ್ಧಕ್ಕೆ ಬಿಟ್ಟದ್ದು ಮಂಗಳವಾರ ಹೊರಗೆ ಬಂದು ಕೂರುತ್ತದೆ, ಅಷ್ಟೆ. ಹೊಟ್ಟೆಪಾಡಿನ ಕೆಲಸ ಬರುವುದಿಲ್ಲ. ಕಚೇರಿಯ ಫೈಲು ಬರುವುದಿಲ್ಲ. ಬರುವ ಹಾಗಿದ್ದರೆ ನಮ್ಮನೆಯವರ ಕಚೇರಿಯ ಮುಂದೆ ಎತ್ತಿನ ಗಾಡಿಯೂ ಓಡಾಡಲು ಆಗುತ್ತಿರಲಿಲ್ಲ. ಊರಿನವರು ಇದಕ್ಕೆ ಎಷ್ಟು ಹೊಂದಿಕೊಂಡಿದ್ದಾರೆಂದರೆ ಹೆಣ್ಣು ನೋಡುವ ಶಾಸ್ತ್ರವನ್ನು ಬೇಕೆಂದೇ ಮಂಗಳವಾರ ಇಡುತ್ತಾರೆ. ಜಗುಲಿ ತುಂಬ ಸಾಮಾನಿದ್ದರೆ ಹುಡುಗಿ ಚಂಚಲೆ ಅನ್ನುತ್ತಾರೆ, ಜಗುಲಿ ಬರಿದಾಗಿದ್ದರೆ ಈ ಮನೆಯವರಿಗೆ ಯಾವುದರ ಮೇಲೂ ಆಸೆಯೇ ಇಲ್ಲವಲ್ಲ, ಇಲ್ಲಿಂದ ಹುಡುಗಿ ತಂದರೆ ಊಟದಲ್ಲಿ ಉಪ್ಪಿರುತ್ತದಾ ಅನ್ನುತ್ತಾರೆ. ಎರಡೋ ಮೂರೋ ಇರಬೇಕು. ಎದುರುಮನೆಯ ರುದ್ರಮುನಿ ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಅವರು ಬೆಂಕಿಕಡ್ಡಿಯಲ್ಲಿ ಒಂದು ಗುಮ್ಮಟ ಕಟ್ಟುತ್ತಿದ್ದರು, ಮೂವತ್ತೊಂದು ವರ್ಷದಿಂದ. ಮಂಗಳವಾರ ಜನ ಅವರ ಜಗುಲಿಗೆ ಹೋಗಿ ಎಷ್ಟು ಸಾಲು ಏರಿದೆ ಎಂದು ನೋಡಿ ಬರುತ್ತಿದ್ದರು. ಒಂದು ಸಾಲೂ ಏರಿರುತ್ತಿರಲಿಲ್ಲ. ಮೇಷ್ಟ್ರು ಮಾತ್ರ ಪ್ರತಿ ವಾರವೂ ತಳಪಾಯದ ಬಗ್ಗೆ ಮಾತಾಡುತ್ತಿದ್ದರು.

ನನಗೆ ಮಾತ್ರ ಮೊದಲ ಒಂದೆರಡು ತಿಂಗಳು ಮರ್ಯಾದೆ ಹೋದಂತಾಗಿತ್ತು. ಹಾಲು ಹಾಕುವವಳು ಚೊಂಬು ಕೆಳಗಿಟ್ಟು ನನ್ನ ನವಿಲಿಗೆ ಇನ್ನೊಂದು ರೆಕ್ಕೆ ಯಾವಾಗ ಎಂದು ಕೇಳುವಳು. ನಾನು ಉಪಾಯ ಹೂಡಿದೆ. ಸ್ವೆಟರಿನ ನೂಲಿನ ತುದಿಯನ್ನು ನನ್ನ ಬಳೆಗೆ ಕಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ನೂಲು ನನ್ನ ಬಳೆಯಿಂದ ಹೊರಟು ನಡುಮನೆ ದಾಟಿ, ಬಾಗಿಲ ಸಂದಿನಿಂದ ಜಗುಲಿಗೆ ಹೋಗಿತ್ತು. ಸ್ವೆಟರು ಎಲ್ಲಿರಬೇಕೋ ಅಲ್ಲೇ ಇತ್ತು, ಇದ್ದ ಒಂದು ತೋಳೂ ಅರ್ಧ ಬಿಚ್ಚಿಕೊಂಡಿತ್ತು. ಆಮೇಲೆ ತೋರಣವನ್ನು ಕತ್ತರಿಸಿ ‘ಸು’ ಮಾತ್ರ ಉಳಿಸಿಕೊಂಡೆ. ‘ಸು’ ಎಂದರೆ ಒಳ್ಳೆಯದು ಎಂದು ಅರ್ಥವಿದೆಯಲ್ಲ, ಬಾಗಿಲ ಮೇಲೆ ಅಷ್ಟು ಇದ್ದರೆ ಸಾಕು, ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಮಂಗಳವಾರ ‘ಸು’ ಬೇರೆ, ‘ಸ್ವಾ’ ಬೇರೆ ಕೂತಿದ್ದವು. ಇಪ್ಪತ್ತಮೂರು ಇದ್ದದ್ದು ಇಪ್ಪತ್ತನಾಲ್ಕಾಯಿತು. ಹಾಲಮ್ಮ ಬಂದು, ನಿಮ್ಮ ಮಾತನ್ನು ಅದು ನಂಬಲ್ಲವ್ವ, ನಿಮ್ಮ ಕೈಯನ್ನ ನಂಬುತ್ತೆ ಎಂದರು.

ಕೊನೆಗೆ ಬೇರೆ ದಾರಿ ಇಲ್ಲದೆ ಸೂಜಿ ಹಿಡಿದೆ. ಸ್ವೆಟರಿನ ತೋಳು ಎರಡನ್ನೂ ಆರು ವರ್ಷದ ಅಳತೆಗೇ ಹೆಣೆದು ಮುಗಿಸಿದೆ, ಇಪ್ಪತ್ತೈದರವಳಿಗೆ ಹೆಣೆಯಲು ಉಣ್ಣೆ ಇರಲಿಲ್ಲ. ಮಗಳಿಗೆ ಫೋನು ಮಾಡಿ ನಿನ್ನ ಸ್ವೆಟರು ಮುಗಿಯಿತು ಎಂದರೆ ಅವಳು ಯಾವ ಸ್ವೆಟರು ಎಂದಳು. ಅದನ್ನು ಹಾಲಮ್ಮನ ಮೇಕೆಮರಿಗೆ ತೊಡಿಸಿದೆವು. ಅಳತೆ ಮಾಡಿ ಹೆಣೆದ ಹಾಗೆ ಕೂತಿತು. ಆ ಮರಿ ಬೀದಿಯಲ್ಲಿ ನಡೆದರೆ ಜನ ನನ್ನನ್ನು ಹೊಗಳುವರು. ಹೀಗೆ ಒಂದೊಂದೇ ಮುಗಿಯುತ್ತಾ ಬಂತು, ಜಗುಲಿಯಲ್ಲಿ ರಂಗೋಲಿಗೆ ಜಾಗವಾಯಿತು. ಆದರೆ ಒಂದು ಮಾತ್ರ ನನ್ನ ಕೈಯಲ್ಲಿರಲಿಲ್ಲ, ಇವರ ಕೈಯಲ್ಲೂ ಇರಲಿಲ್ಲ. ಅದು ನಮ್ಮ ಅತ್ತೆಯ ಫೋಟೋ.

ಅತ್ತೆಯ ಒಳ್ಳೆಯ ಫೋಟೋ ಅಂತ ಇದ್ದದ್ದು ಅದೊಂದೇ. ಇವರಿಗೆ ಇಪ್ಪತ್ತು ವರ್ಷವಾಗಿದ್ದಾಗ ಮೊದಲ ಕ್ಯಾಮೆರಾ ಕೊಂಡು, ಮೊದಲ ದಿನ ಹಿತ್ತಿಲಲ್ಲಿ ಅವ್ವನನ್ನು ನಿಲ್ಲಿಸಿ ತೆಗೆದದ್ದು. ಕಪ್ಪು ಬಿಳುಪು. ಅತ್ತೆ ತೀರಿಕೊಂಡ ಮೇಲೆ, ವರ್ಷದ ಪೂಜೆಗೆ ಅದನ್ನು ಬಣ್ಣದ ಫೋಟೋ ಮಾಡಿ ಇಡಬೇಕೆಂದು ಇವರು ಪಣ ತೊಟ್ಟರು. ಹಳೆಯ ಕಾಲದವರ ಹಾಗೆ ಫೋಟೋದ ಮೇಲೆಯೇ ಕೈಯಿಂದ ಬಣ್ಣ ಹಚ್ಚುವುದು. ಪುಟ್ಟ ಶೀಶೆಗಳು, ಕಡ್ಡಿಗೆ ಸುತ್ತಿದ ಹತ್ತಿ, ಭೂತಗನ್ನಡಿ ಎಲ್ಲ ತಂದರು. ಮುಖ ಮುಗಿಯಿತು, ಕೈ ಮುಗಿಯಿತು, ಮುಡಿದ ಕನಕಾಂಬರ ಮುಗಿಯಿತು. ಕೈಗಳ ಮೇಲೆ ಬಹಳ ಕೆಲಸ ಮಾಡಿದ್ದರು, ಬಳೆಯ ಒಂದು ಗೀಟೂ ಬಿಟ್ಟಿರಲಿಲ್ಲ. ಆಮೇಲೆ ಸೀರೆಗೆ ಬಂದಾಗ ಹಸಿರು ಶೀಶೆ ತೆಗೆದರು. ಪೂಜೆಗೆ ಬಂದಿದ್ದ ಇವರ ಅಕ್ಕ ಶಿವಗಂಗಮ್ಮ ಹಿಂದೆ ನಿಂತು ನೋಡುತ್ತಿದ್ದವರು, ಹಸಿರು ಯಾಕೆ, ಆ ಸೀರೆ ದಾಳಿಂಬೆ ಬಣ್ಣದ್ದು ಎಂದರು.

ಇವರು ಹಸಿರೇ ಎಂದರು. ತೆಗೆದವನು ನಾನು, ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದವನು ನಾನು ಎಂದರು. ಅವರು, ನೀನು ನೋಡಿದ್ದು ಒಂದು ಕಣ್ಣಲ್ಲಿ, ಅವ್ವನಿಗೆ ಅವತ್ತು ನೆರಿಗೆ ಹಿಡಿದುಕೊಟ್ಟವಳು ನಾನು ಎಂದರು. ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಪೂಜೆಗೆ ಬಂದ ನೆಂಟರೆಲ್ಲ ಅರ್ಧ ಹಸಿರಿಗೆ, ಅರ್ಧ ದಾಳಿಂಬೆಗೆ ಸೇರಿಕೊಂಡರು. ಕೊನೆಗೆ ಶಿವಗಂಗಮ್ಮ ಒಂದು ಮಾತು ಹೇಳಿದರು. "ಅವ್ವ ಮೂರು ವರ್ಷ ಹಾಸಿಗೆ ಹಿಡಿದಿದ್ದಳಲ್ಲ ಗುರು, ಆಗ ಅವಳ ಮೈಮೇಲೆ ಯಾವ ಸೀರೆ ಇರುತ್ತಿತ್ತು ಅಂತಾದರೂ ನಿನಗೆ ಗೊತ್ತಾ?" ಇವರು ಶೀಶೆಗಳ ಮುಚ್ಚಳ ಹಾಕಿ ಎದ್ದರು. ಅಲ್ಲಿಂದ ಹನ್ನೊಂದು ವರ್ಷ ಅಕ್ಕ ತಮ್ಮ ಮಾತಾಡಲಿಲ್ಲ. ಹಬ್ಬಕ್ಕೆ ಅವರು ನನಗೆ ಫೋನು ಮಾಡುವರು, ಅವನು ಊಟ ಸರಿಯಾಗಿ ಮಾಡುತ್ತಾನಾ ಎಂದು ಕೇಳುವರು. ಇವರು ಪಕ್ಕದಲ್ಲಿ ಕೂತು ಪೇಪರು ಓದುತ್ತಾ, ಅವಳ ಮಂಡಿನೋವು ಹೇಗಿದೆ ಕೇಳು ಎಂದು ಪೇಪರಿಗೆ ಹೇಳುವರು.

ಮನೆಯೊಳಗೆ ಟ್ರಂಕಿನ ತಳದಲ್ಲಿದ್ದ ಈ ಸಂಗತಿ ಈಗ ಪ್ರತಿ ಮಂಗಳವಾರ ಬೀದಿಯ ಮುಂದೆ. ಮುಖಕ್ಕೆ, ಕೈಗೆ, ಹೂವಿಗೆ ಬಣ್ಣವಿದ್ದು, ಸೀರೆ ಮಾತ್ರ ಬೂದಿಯ ಹಾಗೆ ಕಾಣುವ ಹೆಂಗಸನ್ನು ನೋಡಿ ಯಾರು ಸುಮ್ಮನಿರುತ್ತಾರೆ? ಸೀರೆ ಯಾಕೆ ಬಿಟ್ಟಿರಿ ಎಂದು ಮೊದಲ ವಾರ ಕೇಳಿದರು. ನಾನು ಬಾಯಿ ತಡೆಯದೆ ಹೇಳಿಬಿಟ್ಟೆ. ಎರಡನೆಯ ವಾರದಿಂದ ಸಲಹೆಗಳು ಶುರುವಾದವು. ಹಾಲಿನವಳು ಹಸಿರು ಎಂದಳು, ಆ ವಯಸ್ಸಿನಲ್ಲಿ ಎಲ್ಲರೂ ಹಸಿರೇ ಉಡುತ್ತಿದ್ದುದು. ಮೇಷ್ಟ್ರು ಬಿಸಿಲಿನ ದಿಕ್ಕು, ನೆರಳಿನ ಗಾಢತೆ ಎಲ್ಲ ನೋಡಿ ನೇರಳೆ ಎಂದು ತೀರ್ಪು ಕೊಟ್ಟರು, ಹಾಗಾಗಿ ಮೂರನೆಯ ಪಕ್ಷವೊಂದು ಹುಟ್ಟಿತು. ಇವರು ಫೋಟೋದ ಮೇಲೆ ಟವೆಲು ಹೊದಿಸಿದರು. ಟವೆಲು ಮಡಚಿಕೊಂಡು ಪಕ್ಕದಲ್ಲಿ ಕೂತಿತು. ಮಂಗಳವಾರ ಬಂದರೆ ಇವರು ಬೆಳಗಾಗುವ ಮೊದಲೇ ಅಳತೆಯ ಸರಪಳಿ ಹೆಗಲಿಗೇರಿಸಿ ಊರಾಚೆ ಹೋಗುವುದನ್ನು ರೂಢಿ ಮಾಡಿಕೊಂಡರು. ಆ ವರ್ಷ ಊರಾಚೆಯ ಕೆಲಸ ಬಹಳ ಚೆನ್ನಾಗಿ ನಡೆಯಿತು.

ಒಂದು ದಿನ ನಾನು ಹೇಳಿದೆ, ಅದೊಂದು ಬಿಟ್ಟು ಉಳಿದದ್ದನ್ನಾದರೂ ಮುಗಿಸಿ, ಆ ಫಿಲ್ಮ್ ರೋಲುಗಳನ್ನು ನೋಡಿ ನೋಡಿ ನನಗೆ ಸಾಕಾಯಿತು ಎಂದು. ಇವರಿಗೂ ಏನನ್ನಾದರೂ ಮುಗಿಸುವ ಹಂಬಲ ಬಂದಿತ್ತು ಅಂತ ಕಾಣುತ್ತದೆ. ಪೇಟೆಯ ಹಳೇ ಸ್ಟುಡಿಯೋದವರಿಂದ ಔಷಧಿ ತಂದು, ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊಡೆದು, ಒಂದು ಭಾನುವಾರ ಪೂರ್ತಿ ಅಲ್ಲೇ ಕೂತರು. ಅವತ್ತು ನಾನು ಸ್ನಾನಕ್ಕೆ ಹಾಲಮ್ಮನ ಮನೆಗೆ ಹೋದೆ. ಮೊದಲ ರೋಲಿನಲ್ಲಿ ಇವರ ಹೆಬ್ಬೆರಳು ಮಾತ್ರ ಇತ್ತು, ಮೂವತ್ತಾರು ಸಲ. ಎರಡನೆಯದರಲ್ಲಿ ಯಾವುದೋ ಮದುವೆ. ಗಂಡು, ಹೆಣ್ಣು, ಬೀಗರು ಎಲ್ಲರೂ ಇದ್ದರು, ಯಾರಿಗೂ ತಲೆ ಇರಲಿಲ್ಲ. ಅದು ಯಾರ ಮದುವೆ ಎಂದು ನಾವಿಬ್ಬರೂ ಸೀರೆ, ಪಂಚೆ ನೋಡಿ ಊಹಿಸುತ್ತಾ ನಕ್ಕೆವು. ಮೂರನೆಯ ರೋಲು ತೊಳೆದು ಒಣಗಿಸಿ, ಕಾಗದಕ್ಕೆ ಇಳಿಸಲು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ನಾನು ಬಾಗಿಲು ತಳ್ಳಿ ಹೋದೆ. ಒದ್ದೆ ಚಿತ್ರವನ್ನು ಹಗ್ಗಕ್ಕೆ ನೇತು ಹಾಕಿ, ಬಕೆಟ್ಟು ಬೋರಲು ಹಾಕಿಕೊಂಡು ಅದರ ಮುಂದೆ ಕೂತಿದ್ದರು. ಮಂಜು ಮುಸುಕಿದ ಹಾಗಿತ್ತು ಚಿತ್ರ, ಹಳೇ ಫಿಲ್ಮಲ್ಲವೇ. ಆದರೂ ಗೊತ್ತಾಗುತ್ತಿತ್ತು. ಅತ್ತೆ ಹಾಸಿಗೆಯಲ್ಲಿ ಕೂತಿದ್ದಾರೆ. ಶಿವಗಂಗಮ್ಮ ಹಿಂದೆ ಕೂತು ಅವರ ತಲೆ ಬಾಚುತ್ತಿದ್ದಾರೆ. ತಲೆಯಲ್ಲಿ ಬಾಚಲು ಕೂದಲೇ ಇರಲಿಲ್ಲ. ಆದರೂ ಒಂದು ಕೈ ಹಣೆಗೆ ಆನಿಸಿ, ಬಾಚಣಿಗೆ ನೋಯದ ಹಾಗೆ ಮೆಲ್ಲಗೆ ಇಳಿಸುತ್ತಿರುವುದು ಕಾಣುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ನಗುತ್ತಿದ್ದರು. ಇವರು ಹೇಳಿದರು, ಅವತ್ತು ಎರಡು ಗಂಟೆ ಇದ್ದೆ ವನಜಾಕ್ಷಿ, ಇದನ್ನು ತೆಗೆದೆ, ಐದರ ಬಸ್ಸಿಗೆ ಹೊರಟೆ. ನಾನೂ ಇವರ ಜೊತೆಗೇ ಇದ್ದೆ, ನಾನೂ ಅದೇ ಬಸ್ಸಿಗೆ ಹತ್ತಿದ್ದೆ. ಇವರ ಪಕ್ಕದಲ್ಲಿ ಹೋಗಿ ನಿಂತೆ.

ಮರುದಿನ ಇವರು ಆ ಚಿತ್ರವನ್ನು ರಟ್ಟಿನ ನಡುವೆ ಇಟ್ಟು ಅಕ್ಕನ ವಿಳಾಸಕ್ಕೆ ಅಂಚೆಗೆ ಹಾಕಿದರು. ಜೊತೆಗೆ ಒಂದು ಸಾಲು ಬರೆಯಬಾರದೇ ಎಂದೆ. ಏನು ಬರೆಯಲಿ ಎಂದರು. ಹದಿಮೂರು ದಿನ ಉತ್ತರ ಬರಲಿಲ್ಲ. ಹದಿನಾಲ್ಕನೆಯ ದಿನ, ಸೋಮವಾರ ಮಧ್ಯಾಹ್ನದ ಬಸ್ಸಿಗೆ ಶಿವಗಂಗಮ್ಮನೇ ಇಳಿದರು. ಕೈಯಲ್ಲಿ ಜಿಪ್ಪು ಹರಿಯುವಷ್ಟು ಉಬ್ಬಿದ ಚೀಲ, ಜಿಪ್ಪಿನ ಎರಡೂ ತುದಿ ಸೇರಿಸಿ ಪುಟ್ಟ ಬೀಗ. ಅರವತ್ತೊಂದು ವರ್ಷ, ಮಂಡಿನೋವು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಇವರು ಚೀಲ ತಗೊಳ್ಳಲು ಕೈ ಚಾಚಿದರೆ, ಇರಲಿ ಎಂದು ನನ್ನ ಕೈಗೆ ಕೊಟ್ಟರು.

ಅವತ್ತು ಊಟಕ್ಕೆ ಕೂತಾಗ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. ಅವನ ತಲೆಯೆಲ್ಲ ನರೆತಿದೆಯಲ್ಲ ವನಜಾಕ್ಷಿ ಎಂದು ಅವರು. ಅವಳಿಗೆ ಇನ್ನೊಂದು ರೊಟ್ಟಿ ಹಾಕು ಎಂದು ಇವರು. ನಡುವೆ ಒಂದು ಮೊಳವೂ ಅಂತರವಿರಲಿಲ್ಲ. ನಾನು ಎರಡೂ ಕಡೆ ಸುದ್ದಿ ಮುಟ್ಟಿಸಿ ಮುಟ್ಟಿಸಿ, ನನ್ನ ರೊಟ್ಟಿ ತಣ್ಣಗಾಯಿತು. ಮಂಗಳವಾರದ ವಿಷಯವನ್ನು ಅವರಿಗೆ ಹೇಳಬೇಕಿತ್ತು. ಹೇಳಿದರೆ ಚೀಲದಲ್ಲಿ ಏನಿದೆ ಎಂದು ಕೇಳಿದ ಹಾಗಾಗುತ್ತದೆಂದು ಸುಮ್ಮನಾದೆ.

ಬೆಳಿಗ್ಗೆ ಅವರೇ ಮೊದಲು ಎದ್ದು ಹೊಸ್ತಿಲು ತೊಳೆಯಲು ಹೋಗಿದ್ದರು. ನಾನು ಬರುವಷ್ಟರಲ್ಲಿ ಚೊಂಬು ಹಿಡಿದು ಜಗುಲಿಯಲ್ಲಿ ಕಲ್ಲಾಗಿ ನಿಂತಿದ್ದರು. ಜಗುಲಿಯ ತುಂಬ ಒಂದು ಕೌದಿ ಹಾಸಿಕೊಂಡಿತ್ತು. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ ಬಂದು ಅರ್ಧಕ್ಕೆ ನಿಂತಿತ್ತು. ನಿಂತಲ್ಲಿ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು, ತುಕ್ಕು ಹಿಡಿದಿತ್ತು. ಕೌದಿಯ ಮೇಲೆ ಒಂದು ಮೂಲೆಯಲ್ಲಿ ಅತ್ತೆಯ ಫೋಟೋ. ಶಿವಗಂಗಮ್ಮ ನನ್ನ ಕಡೆ ತಿರುಗಿ, ಕೇಳಿದ್ದರೆ ನಾನೇ ತೋರಿಸುತ್ತಿದ್ದೆ, ಬೀಗ ಯಾಕೆ ಒಡೆದೆ ಎಂದರು. ನಾನು ಚೀಲ ತಂದು ಬೀಗ ತೋರಿಸಿದೆ. ಹಾಲಮ್ಮ ಬಂದು ಸಾಕ್ಷಿ ಹೇಳಿದರು. ಎದುರಿನ ಜಗುಲಿಯಲ್ಲಿ ಮೇಷ್ಟ್ರ ಗುಮ್ಮಟ, ಆಚೆ ಮನೆಯಲ್ಲಿ ಕಾಲಿಲ್ಲದ ಕುರ್ಚಿ, ಎಲ್ಲವನ್ನೂ ತೋರಿಸಿದರು. ಶಿವಗಂಗಮ್ಮ ಚೊಂಬು ಕೆಳಗಿಟ್ಟು, ಒಳ್ಳೇ ಊರಿಗೆ ವರ್ಗ ಮಾಡಿಸಿಕೊಂಡಿದ್ದಾನೆ ಎಂದು ಕೂತರು.

ಆ ಕೌದಿ ಅವ್ವನ ಸೀರೆಗಳದ್ದು. ಅವ್ವ ಹೋದ ಮೇಲೆ ಹೊಲಿಯಲು ಶುರು ಮಾಡಿ, ಜಗಳದ ದಿನ ನಿಲ್ಲಿಸಿದ್ದರಂತೆ. ಈಗ ಅದನ್ನು ಅಷ್ಟು ದೂರ ಹೊತ್ತು ತಂದದ್ದು ಯಾಕೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಕೌದಿಯ ನಡುವೆ ಬೆರಳಿಟ್ಟು, ಇಗೋ ದಾಳಿಂಬೆ ಬಣ್ಣ, ಇದನ್ನು ನಿನ್ನ ಗಂಡನಿಗೆ ತೋರಿಸೋಣ ಅಂತ ತಂದೆ ಎಂದರು. ರಾಜಿಗೆ ಬಂದವರು ಸಾಕ್ಷಿಯನ್ನೂ ಕಟ್ಟಿಕೊಂಡು ಬಂದಿದ್ದರು. ಊರಾಚೆಗೆ ಹೊರಟಿದ್ದ ಇವರು ಸರಪಳಿ ಕೆಳಗಿಟ್ಟು ಬಂದು ಕೌದಿಯ ಇನ್ನೊಂದು ಕಡೆ ಬೆರಳಿಟ್ಟು, ಹಾಗಾದರೆ ಈ ಹಸಿರು ಯಾವುದು ಕೇಳು ಅವಳನ್ನ ಎಂದರು. ಅದು ರವಿಕೆ ಎಂದು ಅತ್ತಿಗೆ ನನಗೆ ಹೇಳಿದರು.

ಅಷ್ಟರಲ್ಲಿ ಬೀದಿ ಸೇರಿತ್ತು. ತಿಂಗಳುಗಟ್ಟಲೆ ಫೋಟೋ ನೋಡಿ ನೋಡಿ ಕಾದವರಿಗೆ ಈಗ ಸೀರೆಗಳೇ ಬಂದಿದ್ದವು. ಮೇಷ್ಟ್ರು ಭೂತಗನ್ನಡಿ ತಂದು ಮಂಡಿಯೂರಿ ಕೂತರು. ಬಣ್ಣ ಬಿಡಿ, ಅಂಚು ನೋಡೋಣ, ಕಪ್ಪು ಬಿಳುಪಿನಲ್ಲೂ ಅಂಚು ಸುಳ್ಳು ಹೇಳುವುದಿಲ್ಲ ಎಂದರು. ಮೂವತ್ತೊಂದು ವರ್ಷದಲ್ಲಿ ಅವರು ಹೇಳಿದ ಮೊದಲ ಉಪಯೋಗದ ಮಾತು ಇದು ಎಂದು ಹಾಲಮ್ಮ ನನ್ನ ಕಿವಿಯಲ್ಲಿ ಹೇಳಿದರು. ಫೋಟೋದ ಸೀರೆಗೆ ಅಗಲವಾದ ಅಂಚು, ಅದರಲ್ಲಿ ಸಾಲಾಗಿ ಗೋಪುರ. ಕೌದಿಯ ದಾಳಿಂಬೆ ತುಂಡಿಗೆ ಸಣ್ಣ ಎರಡು ಗೆರೆಯ ಅಂಚು. ಅದಲ್ಲ. ಹಸಿರು ಮೊದಲೇ ರವಿಕೆ. ಮೇಷ್ಟ್ರು ಒಂದೊಂದೇ ತುಂಡು ನೋಡುತ್ತಾ ಹೋದರು, ಜನ ಅವರ ಹಿಂದೆ ಬಗ್ಗಿ ಬಗ್ಗಿ ಹೋದರು. ಅವ್ವನ ಇಡೀ ಜೀವಮಾನದ ಸೀರೆಗಳು ಅಲ್ಲಿದ್ದವು. ಗೋಪುರದ ಅಂಚು ಒಂದರಲ್ಲೂ ಇರಲಿಲ್ಲ. ಮೇಷ್ಟ್ರು ಎದ್ದು ಮಂಡಿ ಕೊಡವಿ, ಈ ಸೀರೆ ಇಲ್ಲಿಲ್ಲ ಎಂದರು.

ಶಿವಗಂಗಮ್ಮ ಫೋಟೋ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹನ್ನೊಂದು ವರ್ಷದಲ್ಲಿ ಅದನ್ನು ಅವರು ಮುಟ್ಟಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. ಅವರ ಮುಖ ನಿಧಾನವಾಗಿ ಬದಲಾಯಿತು.

"ಇದು ಅವ್ವನ ಸೀರೆಯೇ ಅಲ್ಲ," ಎಂದರು.

ಆ ಫೋಟೋ ತೆಗೆದ ದಿನ ಶಿವಗಂಗಮ್ಮ ಹಬ್ಬಕ್ಕೆಂದು ತವರಿಗೆ ಬಂದಿದ್ದರಂತೆ. ತಮ್ಮ ಕ್ಯಾಮೆರಾ ಹಿಡಿದು ಹಿತ್ತಿಲಲ್ಲಿ ಕುಣಿಯುತ್ತಿದ್ದ. ಅವ್ವ ತನ್ನ ಸೀರೆಗಳನ್ನೆಲ್ಲ ಹೊರಗೆ ಎಳೆದು ಹಾಕಿ, ಯಾವುದೂ ಸರಿಯಿಲ್ಲವೆಂದು, ಮಗಳನ್ನು ಪಕ್ಕದ ಮನೆಯ ಸಿದ್ದಕ್ಕನ ಹತ್ತಿರ ಒಂದು ಸೀರೆ ಇಸಿದುಕೊಂಡು ಬರಲು ಕಳಿಸಿದಳು. ಫೋಟೋಕ್ಕೆ ಅಂತ ಹೇಳಬೇಡ, ಮದುವೆಗೆ ಅಂತ ಹೇಳು ಎಂದಿದ್ದಳು. ಸಂಜೆ ಅದನ್ನು ಮಡಚಿ, ಒಂದು ಅಚ್ಚು ಬೆಲ್ಲ ಇಟ್ಟು ವಾಪಸು ಕೊಟ್ಟು ಬಂದದ್ದೂ ಶಿವಗಂಗಮ್ಮನೇ. ಇಷ್ಟೆಲ್ಲ ಈಗ ಕಣ್ಣಿಗೆ ಕಟ್ಟಿದ ಹಾಗಿದೆ ಎಂದರು. ಬಣ್ಣ ಯಾವುದು ಎಂದು ಬೀದಿಯೇ ಕೇಳಿತು. ಅವರು ಕಣ್ಣು ಮುಚ್ಚಿದರು. ತೆರೆದರು. ಬೆಲ್ಲ ನೆನಪಿದೆ, ಬಣ್ಣ ನೆನಪಿಲ್ಲ ಎಂದರು.

ಮೊದಲು ನಕ್ಕದ್ದು ಹಾಲಮ್ಮ. ಹನ್ನೊಂದು ವರ್ಷ ಪಕ್ಕದ ಮನೆ ಸೀರೆಗೆ ಬಡಿದಾಡಿದಿರಾ ಎಂದು ಕಂಬ ಹಿಡಿದುಕೊಂಡು ನಕ್ಕರು. ಆಮೇಲೆ ಎಲ್ಲರೂ. ನಮ್ಮನೆಯವರು ನಗುವುದು ನೋಡಿ ಅಕ್ಕನಿಗೂ ನಗು ಬಂತು. ಇಬ್ಬರೂ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಎಲ್ಲಿಯವರೆಗೆ ನಗು, ಎಲ್ಲಿಂದ ಅಳು ಎಂದು ಹೇಳುವ ಹಾಗಿರಲಿಲ್ಲ. ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಜಗುಲಿಗೆ ಹೋದರು. ಮೇಷ್ಟ್ರು ಹೋಗುವಾಗ, ನೇರಳೆ ಆಗಿರುವ ಸಂಭವ ಇನ್ನೂ ತಳ್ಳಿಹಾಕುವ ಹಾಗಿಲ್ಲ ಎಂದು ಹೇಳಿ ಹೋದರು.

ಗದ್ದಲ ಅಡಗಿದ ಮೇಲೆ ಇವರು ಅಕ್ಕನ ಎದುರು ಕೂತರು. ನನ್ನನ್ನು ನಡುವೆ ಕರೆಯಲಿಲ್ಲ.

"ಅಕ್ಕ, ಅವ್ವನಿಗೆ ಯಾವ ಬಣ್ಣ ಇಷ್ಟ ಇತ್ತು?"

"ನಿನಗೆ ಗೊತ್ತಿಲ್ವಾ?"

"ಇಲ್ಲ. ನನಗೆ ಗೊತ್ತಿಲ್ಲ. ಕೊನೇತನಕ ಜೊತೆಗಿದ್ದವಳು ನೀನು. ನಿನಗೇ ಗೊತ್ತಿರೋದು."

ಅಷ್ಟು ಹೇಳಲು ಇವರಿಗೆ ಹನ್ನೊಂದು ವರ್ಷ ಬೇಕಾಗಿತ್ತು. ಶಿವಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಆಮೇಲೆ ಹೇಳಿದರು. ಕೊನೆಯ ವರ್ಷ ಅವ್ವನಿಗೆ ಕೈ ಸುಮ್ಮನಿರಿಸಲು ಆಗುತ್ತಿರಲಿಲ್ಲ. ಹಾಸಿಗೆಯ ಮೇಲೆಯೇ ಈರುಳ್ಳಿ ಬಿಡಿಸಲು ಕೊಡುತ್ತಿದ್ದರಂತೆ. ಅವ್ವ ಸಿಪ್ಪೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಈ ಬಣ್ಣದ್ದು ಒಂದು ಉಡಬೇಕು ಅಂತ ಮದುವೆಯಾದಾಗಿಂದ ಆಸೆ ಕಣೇ, ನಿಮ್ಮಪ್ಪ ಪ್ರತಿಸಲ ಪೇಟೆಯಿಂದ ಬೇರೆ ಯಾವುದೋ ತರೋರು ಎಂದಿದ್ದಳು. "ತರೋಣ ಅವ್ವ ಅಂದೆ," ಎಂದರು ಅವರು. "ಇವತ್ತು ನಾಳೆ ಅಂತ ಅಂದುಕೊಂಡೇ ಇದ್ದೆ. ತರಲಿಲ್ಲ, ಗುರು." ಅಷ್ಟು ದಿನ ತಮ್ಮನೊಬ್ಬನೇ ತಪ್ಪಿತಸ್ಥನೆಂದು ನಾವೆಲ್ಲ ತಿಳಿದಿದ್ದೆವು.

ಇವರು ಎದ್ದು ಒಳಗೆ ಹೋಗಿ ಶೀಶೆಗಳ ಡಬ್ಬಿ ತಂದರು. ನಾನು ಈರುಳ್ಳಿ ತಂದೆ. ಶಿವಗಂಗಮ್ಮ ನೋಡಿ, ಇದು ತೀರಾ ಕೆಂಪು, ಇಂಥದ್ದಲ್ಲ ಎಂದರು. ಹಾಲಮ್ಮ ತಮ್ಮ ಮನೆಯ ಬುಟ್ಟಿಯನ್ನೇ ತಂದು ಸುರಿದರು. ಹಾಲಿನವಳು ಎರಡು ತಂದಳು. ಮೇಷ್ಟ್ರ ಮನೆಯಿಂದ ಒಂದು ಬಂತು, ಅದು ಸ್ವಲ್ಪ ನೇರಳೆಯ ಕಡೆಗಿತ್ತು. ಹದಿನೇಳು ಈರುಳ್ಳಿ ಸುಲಿದ ಮೇಲೆ, ಹದಿನೆಂಟನೆಯದರ ಎರಡನೇ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಅವರು ಇದೇ ಎಂದರು. ಇವರು ಶೀಶೆಗಳಿಂದ ಹನಿ ಹನಿ ಬೆರೆಸಿದರು. ಗುಲಾಬಿ ಜಾಸ್ತಿಯಾಯಿತು, ಕಂದು ಹಾಕು ಎಂದು ಅಕ್ಕ. ಇಷ್ಟು ಸಾಕಾ ಎಂದು ತಮ್ಮ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಇಬ್ಬರೂ ಜಗುಲಿಯಿಂದ ಏಳಲಿಲ್ಲ. ನಾನು ಹದಿನೆಂಟು ಈರುಳ್ಳಿಯ ಹುಳಿ ಮಾಡಿದೆ, ಬೀದಿಗೆಲ್ಲ ಹಂಚಿದೆ. ಕೊನೆಯ ನೆರಿಗೆಗೆ ಬಂದಾಗ ಅಕ್ಕ ಇವರ ಮೊಣಕೈ ಹಿಡಿದುಕೊಂಡರು. ಈರುಳ್ಳಿ ಸಿಪ್ಪೆಯ ಬಣ್ಣದ ಸೀರೆಯುಟ್ಟು ನಮ್ಮ ಅತ್ತೆ, ತಾವು ಎಂದೂ ಉಡದಿದ್ದುದನ್ನು ಉಟ್ಟು, ಏನೂ ಆಗದವರಂತೆ ನಿಂತಿದ್ದರು.

ಮುಂದಿನ ಮಂಗಳವಾರ ಫೋಟೋ ಹೊರಗೆ ಬರುತ್ತದೋ ಇಲ್ಲವೋ ನೋಡಿಯೇ ಹೋಗುವೆನೆಂದು ಶಿವಗಂಗಮ್ಮ ಉಳಿದುಕೊಂಡರು. ಬರಲಿಲ್ಲ. ಗೋಡೆಯ ಮೇಲೆ ತೂಗುಹಾಕಿದಲ್ಲೇ ಇತ್ತು. ಕೌದಿ ಮಾತ್ರ ಬಂದು ಜಗುಲಿಯ ತುಂಬ ಮಲಗಿತ್ತು. ಇದನ್ನು ಮತ್ತೆ ಎರಡು ಬಸ್ಸಿಗೆ ಹತ್ತಿಸಲು ನನ್ನಿಂದಾಗದು, ಇಲ್ಲೇ ಇರಲಿ, ಆಗಾಗ ಬಂದು ಹೊಲಿದು ಹೋಗುತ್ತೇನೆ ಎಂದರು. ಅಂದಿನಿಂದ ತಿಂಗಳಿಗೊಮ್ಮೆ ಸೋಮವಾರದ ಬಸ್ಸಿಗೆ ಬರುತ್ತಾರೆ. ಮಂಗಳವಾರ ಬೆಳಿಗ್ಗೆ ಜಗುಲಿಯಲ್ಲಿ ಕಾಲು ಚಾಚಿ ಕೂತು, ಹೊಸ ಸೂಜಿಗೆ ದಾರ ಪೋಣಿಸಿ, ಹಾಲಮ್ಮನ ಜೊತೆ ಮಾತಾಡುತ್ತಾ ಹೊಲಿಯುತ್ತಾರೆ. ಇವರು ಪಕ್ಕದಲ್ಲಿ ಕೂತು ಆಲ್ಬಮ್ಮಿಗೆ ಒಂದೆರಡು ಫೋಟೋ ಅಂಟಿಸುತ್ತಾರೆ. ಮಂಗಳವಾರ ಊರಾಚೆಗೆ ಹೋಗುವುದನ್ನು ಬಿಟ್ಟಿದ್ದಾರೆ, ಅದಕ್ಕೇ ಊರು ನಕ್ಷೆಗೆ ಸೇರುವುದು ತಡವಾಗುತ್ತಿದೆ.

ಹೋದ ತಿಂಗಳು ಇವರಿಗೆ ಏನನ್ನಿಸಿತೋ, ಅಳತೆಯ ಟೇಪು ತಂದು ಕೌದಿಯನ್ನು ಅಳೆದರು. ಹೊಲಿದದ್ದು ಎಷ್ಟು, ಉಳಿದದ್ದು ಎಷ್ಟು, ಒಂದು ಸಲಕ್ಕೆ ಎಷ್ಟು ಸಾಲು ಎಂದು ಕಾಗದದ ಮೇಲೆ ಗುಣಿಸಿ ಭಾಗಿಸಿ, ಹೀಗೇ ನಡೆದರೆ ಇದು ಮುಗಿಯಲು ಇನ್ನೂ ಒಂಬತ್ತು ವರ್ಷ ಬೇಕು ಅಕ್ಕ ಎಂದರು. ಶಿವಗಂಗಮ್ಮ ಕನ್ನಡಕದ ಮೇಲಿಂದ ತಮ್ಮನನ್ನು ನೋಡಿದರು. ಬರೀ ಒಂಬತ್ತೇನಾ ಎಂದರು. ಆಮೇಲೆ ಕತ್ತರಿ ಕೇಳಿ ಇಸಿದುಕೊಂಡು, ಬೆಳಗಿನಿಂದ ಹೊಲಿದ ಎರಡು ಸಾಲನ್ನು ಅವಸರವಿಲ್ಲದೆ ಬಿಚ್ಚತೊಡಗಿದರು.